ಗಾಳಿ ಕಡೆಯ ರಸ್ತೆ

ಹ್ಯೂಬರ್ಟ್ ಬದುಕಿದ್ದಷ್ಟು ಕಾಲ ನೀವಿಸ್ ದ್ವೀಪವನ್ನು ಲೋಕಕ್ಕೆಲ್ಲ ತೋರಿಸಿದ. ಹಡಗಿನಲ್ಲಿ ಬಂದವರು, ವಿಮಾನದಲ್ಲಿ ಬಂದವರು, ಹೊಸದಾಗಿ ಮದುವೆಯಾದವರು, ಮದುವೆ ಮುರಿದುಕೊಂಡವರು, ಎಲ್ಲರನ್ನೂ ತನ್ನ ವ್ಯಾನಿನಲ್ಲಿ ಕೂರಿಸಿಕೊಂಡು, ಬೆಟ್ಟದ ಬುಡವನ್ನು ಬಳೆಯ ಹಾಗೆ ಸುತ್ತಿರುವ ಆ ಒಂದೇ ರಸ್ತೆಯಲ್ಲಿ ಪ್ರದಕ್ಷಿಣೆ ಹಾಕಿಸಿ ಕರೆತರುತ್ತಿದ್ದ. ತೋರಿಸದೆ ಬಿಟ್ಟಿದ್ದು ಹೆಂಡತಿಗೆ ಮಾತ್ರ.

ಎರ್ಮೀನಾ ಹುಟ್ಟಿದ್ದು ಎದುರಿನ ಸೇಂಟ್ ಕಿಟ್ಸ್ ದ್ವೀಪದಲ್ಲಿ. ಮದುವೆಯಾಗಿ ದೋಣಿಯಲ್ಲಿ ಕಡಲು ದಾಟಿ ನೀವಿಸ್‌ನ ಕಾಟನ್ ಗ್ರೌಂಡ್ ಎಂಬ ಹಳ್ಳಿಗೆ ಬಂದಳು. ಬಂದ ಹೊಸತರಲ್ಲಿ ಒಂದು ಸುತ್ತು ಕರೆದುಕೊಂಡು ಹೋಗು ಎಂದು ಕೇಳಿದ್ದಳು. ಹ್ಯೂಬರ್ಟ್ ನಕ್ಕು, ಆ ಕಡೆ ಏನಿದೆ, ಕಲ್ಲು ಮತ್ತು ಗಾಳಿ ಎಂದಿದ್ದ. ಕಲ್ಲು ಮತ್ತು ಗಾಳಿಯ ಜೊತೆಗೆ ಆ ಕಡೆ ಒಡೆಸಾ ಎಂಬವಳೂ ಇದ್ದಳೆಂಬುದು ಆಮೇಲೆ ತಿಳಿಯಿತು. ದ್ವೀಪದ ಮೂಡಣ ಮಗ್ಗುಲಿಗೆ, ದೊಡ್ಡ ಕಡಲಿನ ಗಾಳಿ ನೇರವಾಗಿ ಬಂದು ಬಡಿಯುವ ಬಟ್ಲರ್ಸ್ ಹಳ್ಳಿಯಲ್ಲಿ, ಅವಳು ತಗಡಿನ ಚಪ್ಪರ ಹಾಕಿ ಪ್ರವಾಸಿಗರಿಗೆ ಊಟ ಬಡಿಸುತ್ತಿದ್ದಳು. ಹ್ಯೂಬರ್ಟನ ವ್ಯಾನು ಮಧ್ಯಾಹ್ನಕ್ಕೆ ನಿಲ್ಲುತ್ತಿದ್ದುದು ಅಲ್ಲೇ. ಚಪ್ಪರದ ಹಿಂದಿನ ಮನೆಯಲ್ಲಿ ಅವನಿಗೊಂದು ಮಂಚವಿತ್ತು, ಒಬ್ಬಳು ಮಗಳಿದ್ದಳು.

ಆ ಮಗು ಹುಟ್ಟಿದ ವರ್ಷ ಎರ್ಮೀನಾ ಗಂಡನ ಬಟ್ಟೆಯನ್ನೆಲ್ಲ ಗಂಟು ಕಟ್ಟಿ ಗೇಟಿನ ಹೊರಗಿಟ್ಟಳು. ಅತ್ತೆ ಅಡೆಲಾ ಆ ಗಂಟನ್ನು ಎತ್ತಿಕೊಂಡು ಬಂದು ಮತ್ತೆ ಬೀರುವಿನಲ್ಲಿ ಜೋಡಿಸಿ, ನೆರೆಯವರು ನೋಡುತ್ತಾರೆ ಎಂದಳು. ಅಷ್ಟಕ್ಕೆ ಆ ಜಗಳ ಮುಗಿಯಿತು. ಎರ್ಮೀನಾ ಮಾತ್ರ ಅಂದಿನಿಂದ ಒಂದು ಎಲ್ಲೆ ಹಾಕಿಕೊಂಡಳು. ಪೇಟೆಗೆಂದರೆ ದಕ್ಷಿಣಕ್ಕೆ ಚಾರ್ಲ್ಸ್‌ಟೌನಿನವರೆಗೆ, ಯಾರನ್ನಾದರೂ ಬೀಳ್ಕೊಡುವುದಿದ್ದರೆ ಉತ್ತರಕ್ಕೆ ನ್ಯೂಕ್ಯಾಸಲ್ಲಿನ ವಿಮಾನ ನಿಲ್ದಾಣದವರೆಗೆ. ಅದರಾಚೆ ಅವಳು ಕಾಲಿಡಲಿಲ್ಲ. ಕಡಲ ದಂಡೆಯ ಒಂದು ಹೋಟೆಲಿನಲ್ಲಿ ಹಾಸಿಗೆ ಬಟ್ಟೆ ಒಗೆದು ಇಸ್ತ್ರಿ ಹಾಕುವ ಕೆಲಸ ಹಿಡಿದಳು. ರಜೆಗೆ ಬಂದವರು ಬಾಡಿಗೆ ಕಾರಿನಲ್ಲಿ ದ್ವೀಪ ಸುತ್ತಿ, ಸಂಜೆ ಬಿಸಿಲಿಗೆ ಕೆಂಪಾಗಿ ಹಿಂತಿರುಗಿ, ಮರಳು ತುಂಬಿದ ಟವೆಲುಗಳನ್ನು ಎಸೆದು ಹೋಗುತ್ತಿದ್ದರು. ಅವರು ನೋಡಿ ಬಂದ ದ್ವೀಪದ ಮರಳನ್ನು ಅವಳು ಕೊಡವುತ್ತಿದ್ದಳು.

ಹ್ಯೂಬರ್ಟ್ ಜನವರಿಯಲ್ಲಿ ಸತ್ತ. ಡಾಮಿನೋ ಆಡುತ್ತಿದ್ದವನು ಕುರ್ಚಿಯಲ್ಲೇ ಕುಸಿದ. ಮಣ್ಣು ಮಾಡಿದ ದಿನ ಒಡೆಸಾ ತನ್ನ ಮಗಳ ಜೊತೆ ಬಂದು ಚರ್ಚಿನ ಕೊನೆಯ ಬೆಂಚಿನಲ್ಲಿ ಕೂತಿದ್ದಳು. ಎರ್ಮೀನಾ ಒಮ್ಮೆ ತಿರುಗಿ ನೋಡಿದಳು, ಮತ್ತೆ ನೋಡಲಿಲ್ಲ. ವ್ಯಾನು ಅಂಗಳದ ಹುಣಸೆ ಮರದ ಕೆಳಗೆ ನಿಂತೇ ಇತ್ತು. ಕೋಳಿಗಳು ಅದರ ನೆತ್ತಿಯ ಮೇಲೆ ಕೂತು ಗಲೀಜು ಮಾಡತೊಡಗಿದವು.

ಮೇ ತಿಂಗಳ ಒಂದು ಭಾನುವಾರ ಮನೆಯವರೆಲ್ಲ ತಿಂಡಿಗೆ ಕೂತಿದ್ದರು. ಉಪ್ಪುಮೀನಿನ ಪಲ್ಯ, ಹಿಟ್ಟು ನಾದಿ ಎಣ್ಣೆಯಲ್ಲಿ ಕರಿದ ಜಾನಿಕೇಕು, ಸುಟ್ಟ ಜೀಗುಜ್ಜೆ. ಮಗ ಲೆಸ್ರಾಯ್ ವಿದ್ಯುತ್ ಇಲಾಖೆಯಲ್ಲಿ ಕಂಬ ಹತ್ತುವ ಕೆಲಸದವನು. ಅವನ ಹೆಂಡತಿ ಶರ್ಮೇನ್ ಪೇಟೆಯ ದೊಡ್ಡ ಅಂಗಡಿಯೊಂದರಲ್ಲಿದ್ದಳು. ಅವಳ ತಮ್ಮ ಕೆಲ್ವಿನ್‌ಗೆ ಕೆಲಸವಿರಲಿಲ್ಲ. ಮಾತು ಅಲ್ಲಿಗೇ ಬರುತ್ತದೆಂದು ಎರ್ಮೀನಾ ಮೊದಲೇ ಊಹಿಸಿದ್ದಳು.

"ಮಮ್ಮಿ, ಗಾಡಿ ಸುಮ್ನೆ ನಿಂತು ತುಕ್ಕು ಹಿಡೀತಿದೆ," ಎಂದ ಲೆಸ್ರಾಯ್. "ಕೆಲ್ವಿನ್ ಓಡಿಸ್ತೀನಿ ಅಂತಿದ್ದಾನೆ."

"ಕೆಲ್ವಿನ್ ಯಾಕೆ? ಮನೇಲೇ ಓಡಿಸೋರು ಇದ್ದಾರೆ."

"ಯಾರು? ನಾನು ಕೆಲಸ ಬಿಟ್ಟು ಬರಕ್ಕಾಗುತ್ತಾ?"

"ನಾನು ಓಡಿಸ್ತೀನಿ."

ಶರ್ಮೇನ್ ಚಹಾ ಲೋಟದೊಳಗೇ ನಕ್ಕಳು. ಅಡೆಲಾ ಜೀಗುಜ್ಜೆಯ ತುಂಡನ್ನು ತಟ್ಟೆಯಲ್ಲಿಟ್ಟು ಸೊಸೆಯನ್ನು ಮೇಲಿಂದ ಕೆಳಗೆ ನೋಡಿದಳು. ಮುದುಕಿಗೆ ಎಂಬತ್ತೆರಡು, ಕಾಲು ಎರಡೂ ಊದಿಕೊಂಡಿದ್ದವು, ನಾಲಿಗೆಗೆ ಏನೂ ಆಗಿರಲಿಲ್ಲ.

"ಸೈಕಲ್ ತುಳಿಯೋಕೂ ಬರದೋಳು ನೀನು. ಬಸ್ಸಲ್ಲಿ ಕೂತ್ರೆ ಕಿಟಕಿ ಹಿಡ್ಕೊಂಡು ಕೂರ್ತೀಯ. ಈ ವಯಸ್ಸಲ್ಲಿ ಕಲ್ತು ಎಲ್ಲಿಗೆ ಹೋಗ್ಬೇಕು ನಿಂಗೆ?"

"ರಜೆ ಹಾಕಿ ದ್ವೀಪ ಸುತ್ತುತ್ತೀನಿ, ಮಿಸ್ ಅಡೆಲಾ. ಕೆನಡಾದೋರು ನೋಡಿದ್ರು, ಇಂಗ್ಲೆಂಡಿನೋರು ನೋಡಿದ್ರು. ಅಂಥದ್ದೇನಿದೆ ಅಂತ ನಾನೂ ನೋಡ್ಬೇಡ್ವಾ?"

"ಸುತ್ತೋದು ಅಂದ್ರೆ? ಪೂರ್ತಿನಾ?"

"ಅರ್ಧ ಸುತ್ತಿದ್ರೆ ಅದು ಸುತ್ತಾ?"

ಲೆಸ್ರಾಯ್ ಅಜ್ಜಿಯ ಮುಖ ನೋಡಿದ. ಅಜ್ಜಿ ತಟ್ಟೆ ನೋಡಿದಳು. ತನ್ನ ಮರ್ಯಾದೆ ಕಾಪಾಡಲೆಂದೇ ಇವರು ಹೀಗೆ ಇರುಸುಮುರುಸುಗೊಳ್ಳುತ್ತಿದ್ದಾರೆ ಎಂದುಕೊಂಡ ಎರ್ಮೀನಾ, ಪಾಪ ಅನ್ನಿಸಿ, ಮಗನ ತಟ್ಟೆಗೆ ಇನ್ನೊಂದು ಜಾನಿಕೇಕು ಹಾಕಿದಳು.

ಅಂದು ಮಧ್ಯಾಹ್ನ ಅವಳು ಒಂದು ಬಕೆಟ್ ಸೋಪಿನ ನೀರು, ಒಂದು ಹಳೆಯ ಬ್ಲೇಡು ತೆಗೆದುಕೊಂಡು ವ್ಯಾನಿಗೆ ಇಳಿದಳು. ಮುಂದಿನ ಗಾಜಿನ ಮೇಲೆ ಹ್ಯೂಬರ್ಟ್ ದಪ್ಪ ಹಳದಿ ಅಕ್ಷರಗಳಲ್ಲಿ 'ನನ್ನನ್ನು ನಂಬಿ' ಎಂದು ಬರೆಸಿದ್ದ. ಅದನ್ನು ಮೊದಲು ಕೆರೆದಳು.

ಕಲಿಸಲು ಒಪ್ಪಿದ್ದು ಪಕ್ಕದ ಮನೆಯ ಜಾಸ್ಲಿನ್, ಶಾಲಾ ಬಸ್ಸಿನ ಚಾಲಕಿ. ಎರ್ಮೀನಾ ಹೋಟೆಲಿನಿಂದ ಬಂದು, ಅತ್ತೆಯ ಕಾಲು ಉಪ್ಪುನೀರಿನಲ್ಲಿ ತೊಳೆದು, ಮುಲಾಮು ಹಚ್ಚಿ, ಪಟ್ಟಿ ಸುತ್ತಿ, ಆಮೇಲೆ ಕ್ರಿಕೆಟ್ ಮೈದಾನಕ್ಕೆ ಹೋಗುತ್ತಿದ್ದಳು. ಮೊದಲ ವಾರವೆಲ್ಲ ವ್ಯಾನು ಕಪ್ಪೆಯ ಹಾಗೆ ಕುಪ್ಪಳಿಸಿತು. ಬೇಲಿಯ ಮೇಲೆ ಕೂತ ಹುಡುಗರು ಎಣಿಸಿಕೊಂಡು ನಗುತ್ತಿದ್ದರು. ಎರಡನೆಯ ವಾರ ಒಂದು ಕತ್ತೆ ಅಡ್ಡ ಬಂತು. ಎರ್ಮೀನಾ ಬ್ರೇಕು ಒತ್ತಿದಳು, ಕತ್ತೆ ಅವಳನ್ನೇ ನೋಡುತ್ತಾ ನಿಂತಿತು, ಅವಳು ಕತ್ತೆಯನ್ನೇ ನೋಡುತ್ತಾ ಕೂತಳು. "ಯಾರಾದ್ರೂ ಒಬ್ರು ಹೊರಡಿ, ನಂಗೆ ಅಡುಗೆ ಆಗ್ಬೇಕು," ಎಂದಳು ಜಾಸ್ಲಿನ್.

ಮನೆಯಲ್ಲಿ ಅಡುಗೆ ತಡವಾಗತೊಡಗಿತು. ಒಂದು ಸಂಜೆ ಲೆಸ್ರಾಯ್ ಕೆಲಸದಿಂದ ಬಂದು ಪಾತ್ರೆಯ ಮುಚ್ಚಳ ಎತ್ತಿ ನೋಡಿ, ಮತ್ತೆ ಮುಚ್ಚಿ, ಬರೀ ತೊಗರಿಕಾಳಿನ ಅನ್ನವಾ ಎಂದು ಕೇಳಿದ. ಮಾಂಸ ಇಲ್ಲವೇ ಎಂದ.

"ಆಡಿನ ಮಾಂಸ ಡಬ್ಬದಲ್ಲಿದೆ, ಬೇಯಿಸ್ಕೋ," ಎಂದಳು ಎರ್ಮೀನಾ.

"ನಂಗೆ ಆಡು ಸೇರಲ್ಲ ಅಂತ ಗೊತ್ತಿಲ್ವಾ?"

"ಹಂಗಾದ್ರೆ ಅನ್ನ ತಿನ್ನು. ಅನ್ನಕ್ಕೇನು ಕಾಲು ಬಂದಿಲ್ಲ, ಓಡೋಗಲ್ಲ."

ಶರ್ಮೇನ್ ತನಗೂ ದಿನವಿಡೀ ನಿಂತು ನಿಂತು ಬೆನ್ನು ನೋವೆಂದಳು. ಅಡೆಲಾ ತನ್ನ ಕಾಲಿನ ಪಟ್ಟಿ ಇವತ್ತು ಸಡಿಲವಾಗಿದೆ, ಮನಸ್ಸೆಲ್ಲ ಆ ಗಾಡಿಯ ಮೇಲಿರುವವಳಿಗೆ ಮುದುಕಿಯ ಕಾಲು ಎಲ್ಲಿ ಕಾಣಬೇಕು ಎಂದಳು. ಎರ್ಮೀನಾ ಎದ್ದು ಬಂದು ಪಟ್ಟಿಯನ್ನು ಬಿಚ್ಚಿ ಮತ್ತೆ ಸುತ್ತಿದಳು. ಬೈಗುಳಕ್ಕೆ ಉತ್ತರ ಕೊಡಲಿಲ್ಲ, ಮರುದಿನದ ಪಾಠವನ್ನೂ ಬಿಡಲಿಲ್ಲ.

ಮೊದಲ ಪರೀಕ್ಷೆಯಲ್ಲಿ ಅವಳು ಹಿಂದಕ್ಕೆ ತೆಗೆಯುವಾಗ ಡ್ರಮ್ಮಿಗೆ ಗುದ್ದಿದಳು. ಪರೀಕ್ಷೆಗೆ ಬಂದಿದ್ದ ಪೊಲೀಸಿನವನು ಮನೆಗೆ ಹೋಗಿ ಮೊಮ್ಮಕ್ಕಳನ್ನು ಆಡಿಸಿ ಆಂಟಿ ಎಂದ. ಆ ಸುದ್ದಿ ಅವಳಿಗಿಂತ ಮೊದಲೇ ಮನೆ ಮುಟ್ಟಿತ್ತು. ಅಡೆಲಾ ಅಂದು ರಾತ್ರಿಯ ಊಟಕ್ಕೆ ಮುಂಚೆ ಎಲ್ಲರಿಗೂ ಕೇಳುವಂತೆ, ಮನುಷ್ಯರಿಗೆ ಅವರವರ ಮಿತಿ ತೋರಿಸಿಕೊಟ್ಟ ದೇವರಿಗೆ ವಂದನೆ ಹೇಳಿದಳು. ಎರ್ಮೀನಾ ಎಲ್ಲರ ಜೊತೆ ಆಮೆನ್ ಅಂದಳು. ಜೂನ್ ಕೊನೆಗೆ ಮತ್ತೆ ಹೋಗಿ, ಅದೇ ಪೊಲೀಸಿನವನ ಎದುರು, ಅದೇ ಡ್ರಮ್ಮುಗಳ ನಡುವೆ ವ್ಯಾನನ್ನು ಹಿಂದಕ್ಕೆ ತೆಗೆದು, ಇಳಿದು ಬಂದು, ಆಡಿಸೋಕೆ ಮೊಮ್ಮಕ್ಕಳು ಇನ್ನೂ ಹುಟ್ಟಿಲ್ಲ ಎಂದು ಹೇಳಿ ಲೈಸೆನ್ಸು ಈಸಿಕೊಂಡಳು.

ಅದಾದ ಮೂರನೆಯ ದಿನ ಹೋಟೆಲಿನ ಬಟ್ಟೆ ಒಗೆಯುವ ಕೋಣೆಗೆ ಜಾಸ್ಲಿನ್‌ಳ ಫೋನು ಬಂತು. ವ್ಯಾನು ಚಾರ್ಲ್ಸ್‌ಟೌನಿನ ದೋಣಿಕಟ್ಟೆಯಲ್ಲಿದೆ, ಕೆಲ್ವಿನ್ ಸ್ಟೀರಿಂಗ್ ಹಿಡಿದು ಕೂತಿದ್ದಾನೆ ಎಂದಳು. ಎರ್ಮೀನಾ ಮೇಲ್ವಿಚಾರಕಿಗೆ ಹೇಳಿ, ಕೆಲಸದ ನೀಲಿ ಅಂಗಿಯಲ್ಲೇ ಬಸ್ಸು ಹತ್ತಿ ಹೋದಳು. ದೋಣಿ ಆಗತಾನೇ ಬಂದಿತ್ತು. ಕೆಲ್ವಿನ್ ಇಬ್ಬರು ಪ್ರವಾಸಿಗರ ಪೆಟ್ಟಿಗೆಗಳನ್ನು ಹಿಂದೆ ಏರಿಸುತ್ತಿದ್ದ. ಅವಳು ಮುಂದಿನ ಬಾಗಿಲು ತೆಗೆದು ಚಾಲಕನ ಸೀಟಿನಲ್ಲಿ ಕೂತಳು.

"ಮಿಸ್ ಎರ್ಮೀನಾ, ಲೆಸ್ರಾಯೇ ಕೀ ಕೊಟ್ಟಿದ್ದು," ಎಂದ ಕೆಲ್ವಿನ್, ಕಿಟಕಿಯ ಹತ್ತಿರ ಬಂದು.

"ಲೆಸ್ರಾಯ್ ಕೈಗೆ ಅದನ್ನ ಯಾರು ಕೊಟ್ರು?"

"ಜನ ಕೂತಿದ್ದಾರೆ, ನೋಡಿ. ಮರ್ಯಾದೆ ಹೋಗುತ್ತೆ."

"ನಿಂದು ಹೋಗುತ್ತೆ. ಅವ್ರನ್ನ ನಾನು ಬಿಟ್ಟು ಬರ್ತೀನಿ."

ಅವಳು ಆ ಇಬ್ಬರನ್ನು ಅವರ ಹೋಟೆಲಿನ ಬಾಗಿಲಿಗೇ ಬಿಟ್ಟು ವ್ಯಾನನ್ನು ಮನೆಗೆ ತಂದಳು. ಅಂದು ಸಂಜೆ ನಡೆದ ಜಗಳ ರಸ್ತೆಗೂ ಕೇಳಿಸಿತು. ತಮ್ಮನನ್ನು ದೋಣಿಕಟ್ಟೆಯ ಎದುರು ಕಳ್ಳನ ಹಾಗೆ ಇಳಿಸಿದರೆಂದು ಶರ್ಮೇನ್ ಅತ್ತಳು. ಅಪ್ಪನ ಗಾಡಿಯ ಮೇಲೆ ತನಗೆ ಹಕ್ಕಿಲ್ಲವೇ ಎಂದು ಲೆಸ್ರಾಯ್ ಮೇಜು ಗುದ್ದಿದ. ಎರ್ಮೀನಾ ಕೋಸು ಹೆಚ್ಚುತ್ತಾ, ಅಪ್ಪ ಬಿಟ್ಟು ಹೋದದ್ದರಲ್ಲಿ ಅಜ್ಜಿಯ ಕಾಲೂ ಇದೆ, ಇವತ್ತಿನಿಂದ ಅದನ್ನೂ ನೀನೇ ತೊಳಿ, ಆಮೇಲೆ ಹಕ್ಕಿನ ಮಾತು ಆಡೋಣ ಎಂದಳು. ಲೆಸ್ರಾಯ್ ಹೊರಗೆ ಹೋದ. ಕಾಲು ಅವಳೇ ತೊಳೆದಳು. ಆದರೆ ಕೀ ಅಂದಿನಿಂದ ಅವಳ ಉಡುಪಿನ ಎದೆಯೊಳಗೆ ಸೇರಿತು.

ಜುಲೈಯಲ್ಲಿ ಎರಡು ವಾರ ರಜೆ ಕೇಳಿದಾಗ ಮೇಲ್ವಿಚಾರಕಿಗೇ ಆಶ್ಚರ್ಯವಾಯಿತು. ಇಷ್ಟು ವರ್ಷ ಹಬ್ಬಕ್ಕೂ ರಜೆ ಕೇಳದವಳು. ಎಲ್ಲಿಗೆ ಪ್ರಯಾಣ ಎಂದು ಕೇಳಿದಳು. ನೀವಿಸ್‌ಗೆ ಎಂದಳು ಎರ್ಮೀನಾ.

ಮನೆಯಲ್ಲಿ ಕೊನೆಯ ಅಡ್ಡಗಾಲು ಹಾಕಿದ್ದು ಅಡೆಲಾಳ ಕಾಲು. ನೀನು ಹೊರಗೆ ಸುತ್ತುತ್ತಿದ್ದರೆ ಗ್ರ್ಯಾನಿಯನ್ನು ಯಾರು ನೋಡುವುದು ಎಂದು ಲೆಸ್ರಾಯ್ ಕೇಳಿದ. ತನಗೆ ಅಂಗಡಿಯಲ್ಲಿ ರಜೆ ಸಿಗುವುದಿಲ್ಲ ಎಂದು ಶರ್ಮೇನ್ ಮೊದಲೇ ಹೇಳಿಬಿಟ್ಟಳು. ಮೂವರೂ ಗೆದ್ದೆವೆಂದುಕೊಂಡು ಕೂತಿರುವಾಗ ಎರ್ಮೀನಾ, ಮಿಸ್ ಅಡೆಲಾ ನನ್ನ ಜೊತೆ ಬರಲಿ, ಮುಂದಿನ ಸೀಟಿನಲ್ಲಿ ಕೂರಲಿ ಎಂದಳು.

ಅಡೆಲಾ ಸ್ವಲ್ಪ ಹೊತ್ತು ಯೋಚಿಸಿ ಒಪ್ಪಿದಳು. ಸೋತು ಒಪ್ಪಿದ್ದಲ್ಲ ಅದು. "ಬರ್ತೀನಿ. ಆದ್ರೆ ಗಾಳಿ ಕಡೆ ಬೇಡ. ಆ ಗಾಳಿ ನನ್ನ ಎದೆಗೆ ಆಗಲ್ಲ. ನ್ಯೂಕ್ಯಾಸಲ್‌ವರೆಗೆ ಹೋಗಿ ತಿರುಗಿಸ್ಕೊಂಡು ಬಾ," ಎಂದಳು.

"ಶಾಲು ಹೊದ್ದುಕೊಳ್ಳಿ," ಎಂದಳು ಎರ್ಮೀನಾ.

ರಜೆಯ ಮೊದಲ ಸೋಮವಾರ ಅವಳು ಹಳದಿ ಹೂವಿನ ಉಡುಪು ತೊಟ್ಟು, ಹೋಟೆಲಿನಲ್ಲಿ ಯಾರೋ ಬಿಟ್ಟುಹೋದ ಹುಲ್ಲಿನ ಟೋಪಿ ಇಟ್ಟುಕೊಂಡಳು. ಬುಟ್ಟಿಯಲ್ಲಿ ಶುಂಠಿ ಪಾನಕದ ಬಾಟಲಿ, ಕೆಸುವಿನ ಗೆಡ್ಡೆಯ ವಡೆ, ಅತ್ತೆಯ ಮಾತ್ರೆ, ಮುಲಾಮು, ಪಟ್ಟಿಯ ಸುರುಳಿ. ಲೆಸ್ರಾಯ್ ಕೆಲಸಕ್ಕೆ ಹೊರಡುವ ಹೊತ್ತು ಗೇಟಿನಲ್ಲಿ ನಿಂತು, ಅಜ್ಜಿಗೆ ಹುಷಾರು ಎಂದ. ಅಮ್ಮನಿಗೆ ಏನೂ ಹೇಳಲಿಲ್ಲ.

ನ್ಯೂಕ್ಯಾಸಲ್ ತನಕ ಅಡೆಲಾ ಹಾಡು ಗುನುಗಿಕೊಂಡು ಬಂದಳು. ವಿಮಾನದ ಓಟದಾರಿ ಎಡಕ್ಕೆ ಸರಿದು ಹಿಂದಾಗುತ್ತಲೇ ಹಾಡು ನಿಂತಿತು.

"ಇಲ್ಲೇ ತಿರುಗಿಸ್ಬೇಕು."

"ತಿರುಗಿಸೋದಿನ್ನೂ ಸರಿಯಾಗಿ ಬರಲ್ಲ, ಮಿಸ್ ಅಡೆಲಾ. ನೇರ ಹೋಗೋದು ಮಾತ್ರ ಬರುತ್ತೆ."

ರಸ್ತೆ ಏರಿತು. ತಂಗಾಳಿಯ ಪಡುವಣ ಮಗ್ಗುಲಿನ ತೆಂಗು, ಹೂವಿನ ಬೇಲಿ, ಬಣ್ಣದ ಮನೆಗಳೆಲ್ಲ ಕಳೆದು, ಗಾಳಿಗೆ ಒಂದೇ ದಿಕ್ಕಿಗೆ ಬಾಚಿದ ಕೂದಲಿನಂತೆ ಬಾಗಿದ ಕುರುಚಲು ಮರಗಳು ಬಂದವು. ಆಡುಗಳು ರಸ್ತೆಯ ಮಧ್ಯೆಯೇ ಮೆಲುಕು ಹಾಕುತ್ತಾ ಕೂತಿದ್ದವು. ಒಂದು ಹಿಂಡು ಕೋತಿ ಮರಿಗಳನ್ನು ಹೊಟ್ಟೆಗೆ ಕಟ್ಟಿಕೊಂಡು ದಾಟಿತು. ಕೆಳಗೆ ಕಡಲು. ತನ್ನ ಮನೆಯೆದುರಿನ ಸಾಧು ಕಡಲಿಗೂ ಇದಕ್ಕೂ ಸಂಬಂಧವೇ ಇರಲಿಲ್ಲ. ಇಲ್ಲಿ ಅದು ಕಪ್ಪು ಕಲ್ಲುಗಳಿಗೆ ತಲೆ ಜಜ್ಜಿಕೊಂಡು ಬೆಳ್ಳಗೆ ಎದ್ದು ನಿಲ್ಲುತ್ತಿತ್ತು. ಒಡೆದು ಬಿದ್ದ ಸಕ್ಕರೆ ಗಿರಣಿಯೊಂದರ ಗೋಪುರದಲ್ಲಿ ಅಂಜೂರದ ಗಿಡ ಬೆಳೆದಿತ್ತು. ಎರ್ಮೀನಾ ನಿಧಾನಕ್ಕೆ ಓಡಿಸಿದಳು. ಕಲ್ಲು ಮತ್ತು ಗಾಳಿ ಅಂದಿದ್ದ ಹ್ಯೂಬರ್ಟ್. ಸುಳ್ಳೇನಲ್ಲ. ಆದರೆ ಎಂಥ ಕಲ್ಲು, ಎಂಥ ಗಾಳಿ ಎಂದು ಹೇಳಿರಲಿಲ್ಲ. ಇದನ್ನು ತನ್ನಿಂದ ಮುಚ್ಚಿಟ್ಟನಲ್ಲ ಎಂಬ ಸಿಟ್ಟು, ಆ ಹೆಂಗಸಿನ ಮೇಲಿದ್ದ ಸಿಟ್ಟಿಗಿಂತ ದೊಡ್ಡದಾಗಿ ಬಂತು.

ಬಟ್ಲರ್ಸಿನಲ್ಲಿ ಅವಳು ನಿಲ್ಲಿಸುವುದಿಲ್ಲ ಎಂದೇ ಲೆಕ್ಕ ಹಾಕಿದ್ದಳು. ತಲೆ ಎತ್ತಿಕೊಂಡು ಆ ಚಪ್ಪರದ ಮುಂದೆ ಹಾದುಹೋಗುವುದು, ಅಷ್ಟೇ. ಆದರೆ ತಗಡಿನ ಚಪ್ಪರ ಕಂಡಾಗ, ಅದರ ಮುಂದೆ ಬಾಡಿಗೆಯ ಜೀಪೊಂದು ನಿಂತು, ಬಿಳಿಯ ಗಂಡಹೆಂಡಿರಿಬ್ಬರು ಆರಾಮವಾಗಿ ಕೂತು ಉಣ್ಣುತ್ತಿರುವುದು ಕಂಡಾಗ, ಊರಿಗೆಲ್ಲ ಕೂತು ಉಣ್ಣುವ ಜಾಗದಲ್ಲಿ ತಾನು ಮಾತ್ರ ಯಾಕೆ ಹಾದುಹೋಗಬೇಕು ಎನಿಸಿತು. ಜೀಪಿನ ಹಿಂದೆ ವ್ಯಾನು ನಿಲ್ಲಿಸಿದಳು.

"ನಾನು ಇಳಿಯಲ್ಲ," ಎಂದಳು ಅಡೆಲಾ.

"ಬಿಸಿಲಲ್ಲಿ ಬೇಯ್ತೀರಿ."

ಒಡೆಸಾ ಸೌಟು ಹಿಡಿದುಕೊಂಡು ಹೊರಗೆ ಬಂದಳು. ವ್ಯಾನಿನ ಸದ್ದು ಅವಳಿಗೆ ಗುರುತಿತ್ತು. ಅದರಿಂದ ಇಳಿದವಳನ್ನು ಕಂಡು ಇದ್ದಲ್ಲೇ ನಿಂತಳು. ಐವತ್ತರ ಹೆಂಗಸು, ದಪ್ಪ, ಕೈಗೆಲ್ಲ ಹಿಟ್ಟು. ಎರ್ಮೀನಾ ಬೆಂಚೊಂದನ್ನು ಎಳೆದುಕೊಂಡು ಕೂತು ಟೋಪಿ ತೆಗೆದಿಟ್ಟಳು.

"ಊಟ ಏನಿದೆ?"

"ಆಡಿನ ಸಾರು, ಬ್ರೆಡ್ಡು. ಹುರಿದ ಮೀನಿದೆ," ಎಂದಳು ಒಡೆಸಾ.

"ಟೂರಿಸ್ಟುಗಳಿಗೆ ಏನು ಕೊಡ್ತೀಯೋ ಅದನ್ನೇ ಕೊಡು. ನಾನು ರಜೆಗೆ ಬಂದಿದ್ದೀನಿ."

ಒಡೆಸಾ ಒಳಗೆ ಹೋದಳು. ಎರ್ಮೀನಾ ಅತ್ತೆಯನ್ನು ಕೈಹಿಡಿದು ಇಳಿಸಿ ಕರೆತಂದು ಪಕ್ಕದಲ್ಲಿ ಕೂರಿಸಿದಳು. ಮನೆಯ ಹಿಂದಿನಿಂದ ಕಂದು ನಾಯಿಯೊಂದು ಎದ್ದು ಬಂದು, ಎರ್ಮೀನಾಳನ್ನು ನೋಡಿ ಬೊಗಳಿ, ಅಡೆಲಾಳ ಕಾಲು ಮೂಸಿ, ಅಲ್ಲೇ ಬಾಲ ಮಡಚಿ ಮಲಗಿತು. ಒಡೆಸಾ ತಟ್ಟೆ ತಂದಳು. ಅದರ ಹಿಂದೆಯೇ ಒಂದು ಕುಳ್ಳ ಸ್ಟೂಲು ತಂದು, ಅದರ ಮೇಲೆ ದಿಂಬಿಟ್ಟು, ಅಡೆಲಾಳ ಬಲಗಾಲನ್ನು ಎತ್ತಿ ಅದರ ಮೇಲಿಟ್ಟಳು. ನೀಲಿ ಅಂಚಿನ ಒಂದು ಲೋಟದಲ್ಲಿ ತೊಗಟೆಯ ಕಹಿ ಪಾನಕ ತಂದು ಕೈಗೆ ಕೊಟ್ಟಳು. "ಸಕ್ಕರೆ ಹಾಕಿಲ್ಲ," ಎಂದಳು, ಕೈ ಅಭ್ಯಾಸವಾದಂತೆ ಬಾಯಿಯೂ ಅಭ್ಯಾಸವಾಗಿ. ಹೇಳಿದ ಮೇಲೆ ತುಟಿ ಕಚ್ಚಿಕೊಂಡಳು.

ಬಲಗಾಲೇ ಹೆಚ್ಚು ನೋಯುವುದೆಂದು ಮನೆಯವರನ್ನು ಬಿಟ್ಟು ಹೊರಗಿನ ಯಾರಿಗೂ ಗೊತ್ತಿರಲಿಲ್ಲ.

"ಆ ಲೋಟ ಯಾರದು?" ಎಂದಳು ಎರ್ಮೀನಾ.

ಒಡೆಸಾ ಮುದುಕಿಯ ಕಡೆ ನೋಡಿದಳು.

"ಮಿಸ್ ಅಡೆಲಾ, ನಿಮ್ಮನ್ನೇ ಕೇಳ್ತಿರೋದು."

"ನಂದು," ಎಂದಳು ಮುದುಕಿ. ಸುಳ್ಳು ಹೇಳುವ ವಯಸ್ಸು ದಾಟಿತ್ತೋ, ಇಲ್ಲ ಸುಸ್ತಾಗಿತ್ತೋ. "ಮಗು ಹುಟ್ಟಿದಾಗಿನಿಂದ ಬರ್ತಿದ್ದೀನಿ. ಬುಧವಾರ, ಬುಧವಾರ."

ಬುಧವಾರ ಮಧ್ಯಾಹ್ನ ಜಿಂಜರ್‌ಲ್ಯಾಂಡ್ ಎಂಬ ಊರಿನ ಚರ್ಚಿನಲ್ಲಿ ಮುದುಕಿಯರ ಪ್ರಾರ್ಥನೆ ಎಂದು ಹ್ಯೂಬರ್ಟ್ ಅಮ್ಮನನ್ನು ವ್ಯಾನಿನಲ್ಲಿ ಕರೆದೊಯ್ಯುತ್ತಿದ್ದ. ಅವಳ ಬಿಳಿ ಉಡುಪಿಗೆ ಗಂಜಿ ಹಾಕಿ, ಇಸ್ತ್ರಿ ಮಾಡಿ, ಟೋಪಿಯ ರಿಬ್ಬನ್ ಸರಿಮಾಡಿ ಕಳಿಸುತ್ತಿದ್ದವಳು ಎರ್ಮೀನಾ. ಈಗ ಅವನಿಲ್ಲದ ಮೇಲೂ ಪ್ರಾರ್ಥನೆ ನಿಂತಿರಲಿಲ್ಲ.

"ಈಗ ಯಾರು ಕರ್ಕೊಂಡು ಬರ್ತಾರೆ?"

"ಲೆಸ್ರಾಯ್," ಎಂದಳು ಒಡೆಸಾ, ಕೆಳದನಿಯಲ್ಲಿ. "ಇಲಾಖೆಯ ಜೀಪಲ್ಲಿ. ಅವನು ಹುಡುಗನಾಗಿದ್ದಾಗಿಂದ ಬರ್ತಾನೆ, ಮಿಸ್ ಎರ್ಮೀನಾ. ಶಾಲೆ ರಜೇಲಿ ಇಲ್ಲೇ ಆಡ್ಕೊಂಡಿರ್ತಿದ್ದ. ಆಡಿನ ಸಾರು ಅಂದ್ರೆ ಎರಡು ತಟ್ಟೆ ಬೇಕು ಅವನಿಗೆ."

ಎರ್ಮೀನಾ ಚಮಚ ಎತ್ತಿ ಸಾರು ಕುಡಿದಳು. ಲವಂಗ, ಮೆಣಸು, ಹದವಾಗಿ ಬೆಂದ ಮಾಂಸ. ತುಂಬ ಚೆನ್ನಾಗಿತ್ತು. ಅದೇ ಅವಳಿಗೆ ಸಹಿಸಲಾಗಲಿಲ್ಲ. ಆದರೂ ಚಮಚ ಕೆಳಗಿಡಲಿಲ್ಲ.

"ನಾನು ಯಾಕೆ ಬರಲ್ಲ ಅಂತ ಯಾರೂ ಕೇಳ್ಲಿಲ್ವಾ?"

"ಕೇಳ್ದೆ. ಗಾಡಿ ಹತ್ತಿದ್ರೆ ನಿಮಗೆ ವಾಂತಿ ಅಂದ್ರು. ಮನೆ ಬಿಟ್ಟು ಕದಲಲ್ಲ ಅಂದ್ರು." ಒಡೆಸಾ ಏಪ್ರನ್ನಿನಲ್ಲಿ ಕೈ ಒರೆಸಿಕೊಂಡಳು. "ಟೂರಿಸ್ಟುಗಳಿಗೂ ಹೇಳೋರು. ನನ್ನ ಹೆಂಡತಿಗೆ ಈ ತಿರುವುಗಳು ಆಗಲ್ಲ ಅಂತ. ಅವ್ರು ನಗೋರು."

ಹಾಗಾದರೆ ಕೆನಡಾದಲ್ಲಿ, ಇಂಗ್ಲೆಂಡಿನಲ್ಲಿ ಎಷ್ಟೋ ಮನೆಗಳಲ್ಲಿ, ವಾಂತಿ ಮಾಡುವ ಹೆಂಗಸೊಬ್ಬಳು ನೀವಿಸ್‌ನಲ್ಲಿದ್ದಾಳೆ ಎಂದು ಗೊತ್ತು. ಅವಳು ಮಾತ್ರ ತಿಳಿಯದೆ ಅವರ ಹಾಸಿಗೆ ಬಟ್ಟೆ ಒಗೆದಿದ್ದಾಳೆ. ಎರ್ಮೀನಾ ಅತ್ತೆಯ ಕಡೆ ತಿರುಗಿದಳು.

"ನೀವು ಒಂದು ಮಾತು ಹೇಳ್ಬಹುದಿತ್ತು."

"ಹೇಳಿ?" ಅಡೆಲಾ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ನೆಟ್ಟಗೆ ಕೂತಳು. "ಅದೂ ನನ್ನ ಮೊಮ್ಮಗಳೇ. ಮಗ ತಪ್ಪು ಮಾಡ್ದ ಅಂತ ಮಗೂನ ಕಡಲಿಗೆ ಎಸೀಲಾ? ನಿಂಗೆ ಹೇಳಿದ್ರೆ ನೀನು ಲೆಸ್ರಾಯ್‌ನ ಕಟ್ಕೊಂಡು ಸೇಂಟ್ ಕಿಟ್ಸ್‌ಗೆ ಹೊರಟುಹೋಗ್ತಿದ್ದೆ. ಆಮೇಲೆ ನನ್ನ ಯಾರು ನೋಡ್ತಿದ್ರು?"

ಬಿಳಿಯ ದಂಪತಿಗಳು ಉಣ್ಣುವುದನ್ನು ನಿಲ್ಲಿಸಿದ್ದರು. ಊರಿನ ಮಾತು ಪೂರ್ತಿ ಅರ್ಥವಾಗದಿದ್ದರೂ ಜಗಳದ ವಾಸನೆ ಎಲ್ಲರಿಗೂ ಗೊತ್ತಾಗುತ್ತದೆ.

"ಈಗ ಸರಿಯಾಗಿ ಹೇಳಿದ್ರಿ," ಎಂದಳು ಎರ್ಮೀನಾ.

ಅವಳು ತಟ್ಟೆಯನ್ನು ಬ್ರೆಡ್ಡಿನ ಚೂರಿನಿಂದ ಒರೆಸಿ ತಿಂದು ಮುಗಿಸಿದಳು. ಬೇಸಿನ್ನಿನಲ್ಲಿ ಕೈ ತೊಳೆದಳು. ಪ್ರವಾಸಿಗರು ಕೊಡುವಷ್ಟನ್ನೇ ಮೇಜಿನ ಮೇಲಿಟ್ಟಳು. ಆಮೇಲೆ ವ್ಯಾನಿಗೆ ಹೋಗಿ ಬುಟ್ಟಿ ತಂದು, ಮಾತ್ರೆ, ಮುಲಾಮು, ಪಟ್ಟಿಯ ಸುರುಳಿಗಳನ್ನು ಒಂದೊಂದಾಗಿ ಒಡೆಸಾಳ ಮುಂದೆ ಜೋಡಿಸಿದಳು.

"ಬೆಳಿಗ್ಗೆ ಒಂದ್ಸಲ, ಸಂಜೆ ಒಂದ್ಸಲ ಉಪ್ಪುನೀರಲ್ಲಿ ಕಾಲು ತೊಳೀಬೇಕು. ಬೆರಳ ಸಂದಿ ಒಣಗಿರ್ಬೇಕು. ಪಟ್ಟಿ ಬಿಗಿ ಆದ್ರೂ ಬೈತಾರೆ, ಸಡಿಲ ಆದ್ರೂ ಬೈತಾರೆ. ಕಿವಿಗೆ ಹಾಕ್ಕೋಬೇಡ."

"ಏನಿದು?" ಎಂದಳು ಒಡೆಸಾ.

"ನಂಗೆ ರಜೆ. ಮುಗಿಯೋವರೆಗೆ ನಿನ್ನ ಅತ್ತೇನ ನೀನು ನೋಡ್ಕೋ."

"ನಂಗೆ ಅಂಗಡಿ ಇದೆ, ಮಿಸ್ ಎರ್ಮೀನಾ. ದಿನಾ ಜನ ಬರ್ತಾರೆ."

"ನಂಗೂ ಕೆಲಸ ಇತ್ತು. ಬಟ್ಟೆ ಒಗೆದು ಬಂದು ಕಾಲು ತೊಳೀತಿದ್ದೆ."

"ಎರ್ಮೀನಾ," ಎಂದು ಅಡೆಲಾ ಕರೆದಳು. ಇಷ್ಟು ವರ್ಷಗಳಲ್ಲಿ ಮೊದಲ ಬಾರಿ ಆ ದನಿಯಲ್ಲಿ ಅಧಿಕಾರ ಇರಲಿಲ್ಲ. "ನನ್ನ ಇಲ್ಲಿ ಬಿಟ್ಟು ಹೋಗ್ತೀಯಾ?"

"ನೀವೇ ಹೇಳಿದ್ರಲ್ಲ, ಅದೂ ನಿಮ್ಮ ಮೊಮ್ಮಗಳೇ ಅಂತ. ಹಾಗಾದ್ರೆ ಇದೂ ನಿಮ್ಮ ಮಗನ ಮನೆ. ಮಗನ ಮನೇಲಿ ತಾಯಿ ಇದ್ರೆ ಯಾರೂ ತಪ್ಪು ತಿಳಿಯಲ್ಲ."

ಒಡೆಸಾ ಒಮ್ಮೆ ಮುದುಕಿಯನ್ನು, ಒಮ್ಮೆ ಒಲೆಯನ್ನು ನೋಡಿದಳು. ಕೊನೆಯ ಆಸರೆಗೆಂಬಂತೆ, ಉಡೋಕೆ ಬಟ್ಟೆಯೇ ತಂದಿಲ್ಲವಲ್ಲ ಎಂದಳು.

"ಒಳಗೆ ನೋಡು. ಇರುತ್ತೆ," ಎಂದಳು ಎರ್ಮೀನಾ.

ಒಡೆಸಾ ಪಟ್ಟಿಯ ಸುರುಳಿಯನ್ನು ಕೈಗೆತ್ತಿಕೊಂಡಳು.

"ಒಂದು ನೈಟಿ ಇದೆ," ಎಂದಳು ಕೊನೆಗೆ.

"ಎರಡು," ಎಂದಳು ಅಡೆಲಾ.

ಎರ್ಮೀನಾಳಿಗೆ ನಗು ಬಂತು. ತಡೆಯಲು ನೋಡಿದಳು, ಆಗಲಿಲ್ಲ. ಟೋಪಿ ಎತ್ತಿಕೊಂಡು ವ್ಯಾನಿನ ಕಡೆ ನಡೆಯುವಷ್ಟರಲ್ಲಿ ನಗುವಿನ ಜೊತೆ ಕಣ್ಣೂ ತುಂಬಿತ್ತು. ಒರೆಸಿಕೊಳ್ಳದೆ ಗಾಡಿ ಚಾಲೂ ಮಾಡಿದಳು.

ಜಿಂಜರ್‌ಲ್ಯಾಂಡ್ ದಾಟುವ ಮುಂಚೆ ಒಂದು ಎತ್ತರದ ತಿರುವಿನಲ್ಲಿ ನಿಲ್ಲಿಸಿ, ವಡೆ ತಿಂದು, ಶುಂಠಿ ಪಾನಕ ಕುಡಿದಳು. ಬೆಟ್ಟದ ತುದಿಗೆ ಮೋಡ ಕಟ್ಟಿತ್ತು. ಆ ಜೀಪಿನ ದಂಪತಿಗಳು ಹಿಂದಿನಿಂದ ಬಂದು ಪಕ್ಕದಲ್ಲಿ ನಿಲ್ಲಿಸಿ, ಮುಂದೆ ರಸ್ತೆ ಹೇಗಿದೆ ಎಂದು ಸ್ವಲ್ಪ ಅಂಜುತ್ತಲೇ ಕೇಳಿದರು. ತನಗೂ ಗೊತ್ತಿಲ್ಲ, ತಾನೂ ಮೊದಲ ಸಲ ಬರುತ್ತಿದ್ದೇನೆ ಎಂದಳು ಎರ್ಮೀನಾ. ತಿರುವುಗಳಿವೆಯಂತೆ, ಮುಂದೆ ನಾನು ಹೋಗುತ್ತೇನೆ, ಹಿಂದೆ ಬನ್ನಿ ಎಂದು ಹೇಳಿ ಹೊರಟಳು. ಚಾರ್ಲ್ಸ್‌ಟೌನಿನವರೆಗೆ ಜೀಪು ಅವಳ ಬೆನ್ನ ಹಿಂದೆಯೇ ಬಂತು.

ಮನೆ ಮುಟ್ಟಿದಾಗ ಹೊತ್ತು ಇಳಿದಿತ್ತು. ಲೆಸ್ರಾಯ್ ಮತ್ತು ಶರ್ಮೇನ್ ಜಗಲಿಯಲ್ಲಿದ್ದರು. ಒಲೆ ಹೊತ್ತಿರಲಿಲ್ಲ. ಮಗ ಮೆಟ್ಟಿಲಿಳಿದು ಬಂದು ವ್ಯಾನಿನ ಮುಂದಿನ ಸೀಟು ನೋಡಿದ, ಹಿಂದಿನ ಸೀಟುಗಳನ್ನೂ ಬಗ್ಗಿ ನೋಡಿದ.

"ಗ್ರ್ಯಾನಿ ಎಲ್ಲಿ?"

"ರಜೆಗೆ ಹೋಗಿದ್ದಾರೆ. ಎರಡು ವಾರ."

"ಎಲ್ಲಿಗೆ, ಮಮ್ಮಿ? ಅವ್ರನ್ನ ಎಲ್ಲಿ ಬಿಟ್ಟು ಬಂದೆ?"

ಎರ್ಮೀನಾ ವ್ಯಾನಿಗೆ ಬೀಗ ಹಾಕಿದಳು. ಕೀಯನ್ನು ಉಡುಪಿನ ಎದೆಯೊಳಗೆ ಸೇರಿಸಿದಳು.

"ಬುಧವಾರ ಬರುತ್ತಲ್ಲ, ಹೋಗಿ ನೋಡ್ಕೊಂಡು ಬಾ. ಹೊಟ್ಟೆ ತುಂಬ ಆಡಿನ ಸಾರು ಉಂಡು ಬಾ. ದಾರಿ ನಿಂಗೆ ಗೊತ್ತಲ್ಲ."

ಅವಳು ಮಗನನ್ನು ದಾಟಿ ಮೆಟ್ಟಿಲು ಹತ್ತಿದಳು. ಜಗಲಿಯಲ್ಲಿ ಶರ್ಮೇನ್ ನಿಧಾನವಾಗಿ ಎದ್ದು ನಿಂತಿದ್ದಳು. ಈ ಮನೆಗೆ ಬಂದು ಆರು ವರ್ಷವಾಗಿತ್ತು ಅವಳಿಗೆ. ಅವಳು ಅತ್ತೆಯನ್ನಲ್ಲ, ಗಂಡನನ್ನು ನೋಡುತ್ತಿದ್ದಳು.

"ಯಾವ ದಾರಿ, ಲೆಸ್ರಾಯ್?" ಎಂದಳು.